ಕಣಕ್ಕೆ ಯಾರನ್ನು ಕರೀಬೇಕು? ಫೈಟಿಂಗ್ ಗೇಮಿನ ಅತಿಥಿಗಳು, ನಮ್ಮ ಕಡೆಯ ಕುಸ್ತಿ

(ಪಾಡ್‌ಕಾಸ್ಟ್‌ನ ಬರಹ ರೂಪ)

ಇವತ್ತಿನ ಮಾತು ವಿಡಿಯೊ ಗೇಮ್ ಬಗ್ಗೆ. ಗೇಮ್ ಆಡದವರು ಆಫ್ ಮಾಡಬೇಡಿ, ಸ್ವಲ್ಪ ಹೊತ್ತಿಗೆ ಕುಸ್ತಿ ಕಣಕ್ಕೆ ಬರ್ತೀನಿ.

ಹೋದ ದೀಪಾವಳಿಗೆ ಭಾಲ್ಕಿಗೆ ಹೋಗಿದ್ದೆ. ನಮ್ಮಕ್ಕನ ಮಗಳು ಒಂಬತ್ತನೇ ಕ್ಲಾಸು. ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಏನೋ ಪಟ್ಟಿ ಮಾಡ್ತಾ ಕೂತಿದ್ದಳು. ಏನವ್ವಾ ಇದು ಅಂದೆ. "ಮಾಮಾ, ಎಲ್ಲಾ ಗೇಮಿನವರು, ಸಿನಿಮಾದವರು ಒಂದೇ ಗೇಮಿನಾಗ ಬಂದು ಫೈಟ್ ಮಾಡ್ತಾರಲ್ಲ, ಅದಕ್ಕ ನಮ್ಮ ಕಡಿಯಿಂದ ಯಾರ್ನ ಕಳಸಬೇಕು ಅಂತ ಬರೀಲತ್ತೀನಿ" ಅಂದಳು. ಪಟ್ಟಿಯಲ್ಲಿ ಕೆಜಿಎಫ್‌ನ ರಾಕಿ ಭಾಯ್ ಇದ್ದ, ಹನುಮಂತ ಇದ್ದ, ಮಡಿವಾಳ ಮಾಚಯ್ಯ ಇದ್ದರು, ಒನಕೆ ಓಬವ್ವ ಇದ್ದಳು. ಕೆಳಗೆ "ಒಬ್ಬ ಪೈಲ್ವಾನ" ಅಂತ ಬರೆದಿತ್ತು, ಹೆಸರಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಒಂದು ಫೈಟಿಂಗ್ ಗೇಮಿಗೆ ಇನ್ನೊಂದು ಗೇಮಿನ ಅಥವಾ ಸಿನಿಮಾದ ಪಾತ್ರವನ್ನು ಕರೆದು ತಂದರೆ ಅದು ಅತಿಥಿ ಪಾತ್ರ. ಇದೇನೂ ಹೊಸದಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನಾವು ಒಂದು ರೂಪಾಯಿ ಕಾಯಿನ್ ಹಾಕಿ ಆಡ್ತಿದ್ದ 'ಕಿಂಗ್ ಆಫ್ ಫೈಟರ್ಸ್ 97' ನೆನಪಿದೆಯಾ? ಆ ಸರಣಿ 1994ರಲ್ಲಿ ಶುರುವಾಗಿದ್ದೇ ಒಂದೇ ಕಂಪನಿಯ ಬೇರೆ ಬೇರೆ ಗೇಮುಗಳ ಪಾತ್ರಗಳನ್ನು ಒಟ್ಟಿಗೆ ಸೇರಿಸಿ. ಕೆಂಪು ಟೋಪಿಯ ಟೆರಿ ಬೊಗಾರ್ಡ್ 'ಫೇಟಲ್ ಫ್ಯೂರಿ'ಯಿಂದ ಬಂದವನು. 97ರಲ್ಲಿ ಬಂದ ಬಿಲ್ಲಿ, ಮೇರಿ, ಯಮಜಾಕಿ ಮೂವರ ತಂಡವನ್ನು ಆರಿಸಿದ್ದು ಜಪಾನಿನ ಗೇಮ್ ಪತ್ರಿಕೆಗಳ ಓದುಗರು, ಮತ ಹಾಕಿ. ನಮ್ಮ ಹುಡುಗಿ ನೋಟ್‌ಬುಕ್ಕಿನಲ್ಲಿ ಮಾಡ್ತಿದ್ದ ಕೆಲಸವನ್ನು ಅವರು ಆಗಲೇ ಮಾಡಿದ್ದರು.

ಹಾಗಾದ್ರೆ ಯಾರು ಅತಿಥಿಯಾಗಲಿಕ್ಕೆ ಯೋಗ್ಯರು? ಇಂಟರ್ನೆಟ್ ತುಂಬ ಇದೇ ಜಗಳ. ಹೆಚ್ಚಿನವರ ಉತ್ತರ ಒಂದೇ: ಯಾರು ಫೇಮಸ್ಸೋ ಅವರು. ನನಗೆ ಇದು ಒಪ್ಪಿಗೆ ಇಲ್ಲ. ಯಾಕಂದ್ರೆ ಅತಿಥಿಯನ್ನು ಕರೆಯೋದು ಹೇಗೆ ಅಂತ ನಮ್ಮ ಕಡೆಯ ಜಾತ್ರೆ ಕುಸ್ತಿ ನಮಗೆ ಮೊದಲೇ ಕಲಿಸಿದೆ.

ಬೀದರ, ಭಾಲ್ಕಿ, ಔರಾದ ಕಡೆ ಜಾತ್ರೆ ಕುಸ್ತಿ ನೋಡಿದವರಿಗೆ ಗೊತ್ತು. ಹಲಗಿ ಬಡೀತಿರ್ತಾರೆ, ಕೆಮ್ಮಣ್ಣು ಹದ ಮಾಡಿರ್ತಾರೆ. ಉದಗೀರ, ಲಾತೂರ, ನಾಂದೇಡ ಕಡೆಯಿಂದ ಪೈಲ್ವಾನರು ಬರ್ತಾರೆ. ಅವರ ಭಾಷೆ ಮರಾಠಿ, ನಮ್ಮದು ಕನ್ನಡ, ನಡುವೆ ದಖನಿ ಉರ್ದು. ಪಟಕಾ ಸುತ್ತಿದ ಹಿರಿಯರು ಇಬ್ಬರನ್ನು ಎದುರುಬದುರು ನಿಲ್ಲಿಸಿ, ಎತ್ತರ, ಭುಜ, ವಯಸ್ಸು ನೋಡಿ ಜೋಡಿ ಹಚ್ತಾರೆ. ಜೋಡಿ ಸರಿ ಇಲ್ಲ ಅಂದ್ರೆ ಜನರೇ ಕೂಗಿ ನಿಲ್ಲಿಸ್ತಾರೆ.

ಅಲ್ಲಿ ಹೊರಗಿನವನನ್ನು ಕರೆಯೋಕೆ ಮೂರು ಲೆಕ್ಕ ಇವೆ ಅಂತ ನನಗೆ ಅನ್ನಿಸುತ್ತೆ. ಯಾರೂ ಬರೆದಿಟ್ಟಿಲ್ಲ, ನಾನು ನೋಡಿ ತಿಳಿದಿದ್ದು.

ಒಂದು, ಅವನ ಹತ್ತಿರ ಅವನದೇ ಪಟ್ಟು ಇರಬೇಕು. ಧೋಬಿ ಪಛಾಡ್, ಕಲಾಜಂಗ್, ಢಾಕ್, ಯಾವುದೇ ಇರಲಿ, ಇವನು ಹಾಕಿದ್ರೆ ಬೇರೆ ಥರ ಅನ್ನಿಸಬೇಕು. ಎರಡು, ಬಂದ ಮೇಲೆ ನಮ್ಮ ಮಣ್ಣಿನಲ್ಲಿ, ನಮ್ಮ ನಿಯಮದಲ್ಲಿ, ಸರಿಜೋಡಿಯ ಜೊತೆ ಆಡಬೇಕು. ಮೂರು, ಅವನು ಚಿತ್ ಆಗೋಕೂ ತಯಾರಿರಬೇಕು. ಬೆನ್ನಿಗೆ ಮಣ್ಣು ಹತ್ತಿದ್ರೆ ಎದ್ದು, ಕೈ ಕೊಟ್ಟು ಹೋಗಬೇಕು.

ಈ ಮೂರನ್ನು ಇಟ್ಟುಕೊಂಡು ಗೇಮಿನ ಅತಿಥಿಗಳನ್ನು ನೋಡೋಣ.

'ಟೆಕ್ಕನ್ 7'ಕ್ಕೆ 'ಸ್ಟ್ರೀಟ್ ಫೈಟರ್'ನಿಂದ ಅಕುಮಾ ಬಂದ. ಟೆಕ್ಕನ್ ಅಂದ್ರೆ ಪಕ್ಕಕ್ಕೆ ಸರಿದು, ಹತ್ತಿರದಿಂದ ಹೊಡೆಯೋ ಆಟ. ಅಲ್ಲಿಗೆ ಇವನು ಕೈಯಿಂದ ಬೆಂಕಿ ಚೆಂಡು ಎಸೆಯೋದು, ಮೇಲಿಂದ ಜಿಗಿದು ಒದೆಯೋದು, ಮೀಟರ್ ತುಂಬಿಸಿಕೊಳ್ಳೋದು ಎಲ್ಲ ಹೊತ್ತು ತಂದ. ಟೆಕ್ಕನ್‌ನ ಕಥೆಯೊಳಗೂ ಅವನಿಗೆ ಕೆಲಸ ಕೊಟ್ಟರು. ಮೊದಲ ಲೆಕ್ಕದಲ್ಲಿ ಪೂರ್ತಿ ಪಾಸ್. ಆದ್ರೆ ಅವನು ಅತಿಯಾಗಿ ಬಲಶಾಲಿ ಅಂತ ಬಹಳ ಆಟಗಾರರು ಗೊಣಗಿದರು. ನಮ್ಮ ಮಾತಲ್ಲಿ, ಜೋಡಿ ಸರಿ ಹತ್ತಲಿಲ್ಲ.

2002ರ 'ಸೋಲ್ ಕ್ಯಾಲಿಬರ್ 2' ನೋಡಿ. ಅದು ಆಯುಧದ ಗೇಮು. ನಿಂಟೆಂಡೊ ಆವೃತ್ತಿಗೆ 'ಜೆಲ್ಡಾ' ಗೇಮಿನ ಲಿಂಕ್ ಬಂದ. ಕತ್ತಿ, ಬೂಮರಾಂಗ್, ಬಾಂಬು, ತನ್ನ ಗೇಮಿನಲ್ಲಿ ಏನಿತ್ತೋ ಅದನ್ನೇ ತಂದ, ಇಲ್ಲಿನ ನಿಯಮಕ್ಕೆ ಹೊಂದಿಕೊಂಡ. ಇಪ್ಪತ್ತು ವರ್ಷ ದಾಟಿದರೂ ಒಳ್ಳೆ ಅತಿಥಿ ಅಂದ್ರೆ ಜನ ಅವನ ಹೆಸರು ಹೇಳ್ತಾರೆ.

ಈಗ ಇನ್ನೊಂದು ಕಡೆ. 2025ರ ಏಪ್ರಿಲ್‌ನಲ್ಲಿ ಬಂದ 'ಫೇಟಲ್ ಫ್ಯೂರಿ: ಸಿಟಿ ಆಫ್ ದಿ ವುಲ್ವ್ಸ್'ನಲ್ಲಿ ಫುಟ್‌ಬಾಲ್ ಆಟಗಾರ ಕ್ರಿಸ್ಟಿಯಾನೊ ರೊನಾಲ್ಡೊ ಇದ್ದಾನೆ. ಟೆರಿ ಬೊಗಾರ್ಡ್‌ನ ಸ್ವಂತ ಮನೆ ಅದು. ಇಪ್ಪತ್ತಾರು ವರ್ಷ ಕಾದ ಅಭಿಮಾನಿಗಳು ಬಾಗಿಲು ತೆಗೆದರೆ ಒಳಗೆ ರೊನಾಲ್ಡೊ. ಆ ಗೇಮ್ ಕಂಪನಿಯ ಬಹುಪಾಲು ಒಡೆತನ ಸೌದಿಯ ಒಂದು ಪ್ರತಿಷ್ಠಾನದ್ದು, ರೊನಾಲ್ಡೊ ಆಡೋದು ಸೌದಿಯ ಅಲ್ ನಸ್ರ್ ಕ್ಲಬ್ಬಿಗೆ. ಜಾತ್ರೆಗೆ ದುಡ್ಡು ಕೊಟ್ಟವರ ಕಡೆಯ ಪೈಲ್ವಾನನನ್ನು ಕಣಕ್ಕೆ ಇಳಿಸಿದ ಹಾಗೆ ಅಂತ ಜನ ಅಂದುಕೊಂಡರೆ ತಪ್ಪೇನು? ಚೆಂಡು ಒದ್ದು ಹೊಡೀತಾನೆ, ಪಟ್ಟು ಅವನದೇ, ನಿಜ. ಆದ್ರೆ ಅವನು ಬಂದಿದ್ದು ಪಟ್ಟಿಗಾಗಿ ಅಲ್ಲ.

ಅದೇ ಟೆರಿ 2024ರ ಸೆಪ್ಟೆಂಬರ್‌ನಲ್ಲಿ 'ಸ್ಟ್ರೀಟ್ ಫೈಟರ್ 6'ಕ್ಕೆ ಅತಿಥಿಯಾಗಿ ಹೋದ. ಪಾರ್ಲರ್ ಕಾಲದಲ್ಲಿ ಅಕ್ಕಪಕ್ಕದ ಎರಡು ಮಷಿನ್‌ಗಳಲ್ಲಿ ಇದ್ದವರು ಒಂದೇ ಪರದೆಗೆ ಬಂದರು. ಯಾರೂ ತಕರಾರು ಎತ್ತಿದ್ದು ನಾನು ಕಾಣೆ.

ಈಗ ನಮ್ಮ ಹುಡುಗಿಯ ಪಟ್ಟಿ. ನಾವು ಹೀಗೆ ಮಾತಾಡ್ತಿರುವಾಗ ಅವ್ವ ಬಾಜೂಕೆ ಕೂತು ಕರಜಿಕಾಯಿ ಮಾಡ್ತಿದ್ದಳು. ಮಾಚಯ್ಯನ ಹೆಸರು ಕೇಳಿ ಕೈ ನಿಂತಿತು. "ಶರಣರನ್ನ ಯಾರರೆ ಒದ್ದು ನೆಲಕ್ಕ ಕೆಡವ್ತಾರ ಅಂದ್ರ, ಅದನ್ನ ನಾ ನೋಡಂಗಿಲ್ಲ" ಅಂದಳು.

ಹುಡುಗಿ ಮೊದಲು ವಾದ ಮಾಡಿದಳು. ಮಾಚಯ್ಯ ಹೋರಾಡಿದವರೇ ಅಲ್ಲವಾ, ಕಲ್ಯಾಣದಿಂದ ಶರಣರು ವಚನದ ಕಟ್ಟು ಹೊತ್ತು ಹೊರಟಾಗ ಬೆನ್ನತ್ತಿದ ಸೈನ್ಯ ತಡೆದರು ಅಂತ ನೀನೇ ಕಥೆ ಹೇಳಿದ್ದಿ ಅಂದಳು. ಮಾತು ಖರೇ. ಆದ್ರೆ ನೋಡಿ, ಫೈಟಿಂಗ್ ಗೇಮಿನಲ್ಲಿ ಎಲ್ಲ ಪಾತ್ರವೂ ಸೋಲಬೇಕು. ನೀವು ಗೆದ್ದರೆ ಎದುರಿನ ಪಾತ್ರ ನೆಲದ ಮೇಲೆ ಬಿದ್ದಿರುತ್ತೆ, ಅದು ಯಾರೇ ಆಗಿರಲಿ. 2017ರಲ್ಲಿ 'ಫೈಟ್ ಆಫ್ ಗಾಡ್ಸ್' ಅಂತ ಗೇಮ್ ಬಂತು. ಬುದ್ಧ, ಯೇಸು ಎಲ್ಲ ಹೊಡೆದಾಡ್ತಾರೆ. ಮಲೇಷ್ಯಾ ಸರ್ಕಾರ ಆ ಗೇಮ್ ಮಾರುತ್ತಿದ್ದ ಸ್ಟೀಮ್ ತಾಣವನ್ನೇ ಸ್ವಲ್ಪ ಕಾಲ ತಡೆಹಿಡಿದಿತ್ತು. ತಡೆಯಬೇಕಿತ್ತು ಅಂತ ನಾನು ಹೇಳ್ತಿಲ್ಲ. ಆದ್ರೆ ನಮ್ಮ ಪಟ್ಟಿ ನಾವೇ ಮಾಡುವಾಗ, ಬಿದ್ದರೆ ಯಾರ ಮನಸ್ಸೂ ಒಡೆಯದಂಥವರನ್ನು ಕರೆಯೋದು ಕಣದ ಮರ್ಯಾದೆ. ಹನುಮಂತ, ಮಾಚಯ್ಯ ಇಬ್ಬರನ್ನೂ ಹುಡುಗಿ ತಾನೇ ಕಾಟು ಹಾಕಿದಳು. ಅವ್ವನ ಕೈ ಮತ್ತೆ ಓಡಿತು.

ರಾಕಿ ಭಾಯ್? ಗನ್ ತೆಗೆದಿಟ್ಟರೆ ಅವನದೇ ಅನ್ನೋ ಪಟ್ಟು ಯಾವುದು ಹೇಳಿ. ನನಗೆ ಹೊಳೀಲಿಲ್ಲ. ಸಿನಿಮಾ ಇಷ್ಟ, ಆದ್ರೆ ಪಟ್ಟಿಯಿಂದ ಹೊರಗೆ.

ಪೈಲ್ವಾನ ಉಳಿದ. ಇದು ನನ್ನ ಹಳೆ ಹೊಟ್ಟೆಕಿಚ್ಚು. 1991ರ 'ಸ್ಟ್ರೀಟ್ ಫೈಟರ್ 2'ರಿಂದ ಭಾರತದವನು ಅಂದ್ರೆ ಧಾಲ್ಸಿಮ್. ಕೈಕಾಲು ರಬ್ಬರಿನಂತೆ ಉದ್ದ ಮಾಡಿ, ಕೊರಳಲ್ಲಿ ತಲೆಬುರುಡೆ ಹಾಕಿ, ಬಾಯಿಂದ ಬೆಂಕಿ ಉಗುಳ್ತಾನೆ. ಆಡೋಕೆ ಮಜಾ, ಇಲ್ಲ ಅನ್ನಲ್ಲ. ಆದ್ರೆ ಅಂಥವನನ್ನು ನಾವು ಯಾವ ಊರಲ್ಲೂ ನೋಡಿಲ್ಲ. ಮಣ್ಣು ತೂರಿ, ತೊಡೆ ತಟ್ಟಿ, ಸೊಂಟ ಹಿಡಿದು ಎತ್ತುವ ಪೈಲ್ವಾನನನ್ನು ಪ್ರತಿ ವರ್ಷ ನೋಡ್ತೀವಿ. ಮೂರೂ ಲೆಕ್ಕದಲ್ಲಿ ಅವನು ಪಾಸ್.

ಓಬವ್ವನೂ ಪಾಸ್, ಅದೂ ಸಲೀಸಾಗಿ. ಚಿತ್ರದುರ್ಗದ ಕೋಟೆಯ ಕಿಂಡಿ, ಹೈದರಾಲಿಯ ಸೈನಿಕರು, ಕೈಯಲ್ಲಿ ಒನಕೆ. ಕಥೆ ನಿಮಗೆಲ್ಲ ಗೊತ್ತು. ಗೇಮಿನಲ್ಲಿ ಸಾಮಾನ್ಯವಾಗಿ ಎದುರಾಳಿಯನ್ನು ಮೂಲೆಗೆ ಒತ್ತಿದವನು ಗೆಲ್ತಾನೆ. ಓಬವ್ವ ಮೂಲೆಯಲ್ಲಿದ್ದರೇ ಬಲಶಾಲಿ. ಗೋಡೆಗೆ ಒತ್ತಿ ನಿಂತು, ಅವರೇ ಹತ್ತಿರ ಬರಲಿ ಅಂತ ಕಾದು, ಒಂದೇ ಏಟು. ಇಂಥ ಆಟ ಈ ಗೇಮುಗಳಲ್ಲಿ ನಾನು ಆಡಿಲ್ಲ. ಇನ್ನು ಸೋಲು? ಹೇಳುವ ಕಥೆಯಲ್ಲೇ ಅವಳು ಕೊನೆಗೆ ಬೀಳ್ತಾಳೆ. ಬಿದ್ದಳು ಅಂತ ಅವಳ ಗೌರವ ಕಮ್ಮಿ ಆಗಿಲ್ಲ.

"ಒಬ್ಬರನ್ನೇ ಆರಿಸಬೇಕಂದ್ರ ಪೈಲ್ವಾನನ್ನ ಕಳಸೋಣು" ಅಂದೆ. ಹುಡುಗಿ ಒಪ್ಪಲಿಲ್ಲ. ಆಗ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನಮ್ಮಕ್ಕ ಕೇಳಿದಳು: "ಬೀಸಣಿಗಿ ತಿರಗಸೋಳು ಒಬ್ಬಾಕಿ ಇದ್ದಳಲ್ಲ, ಆಕಿ ಇನ್ನೂ ಅದಾಳೇನು?"

ನನಗೆ ಒಂದು ಕ್ಷಣ ತಿಳೀಲಿಲ್ಲ. ಆಮೇಲೆ ಹೊಳೀತು, ಮಾಯ್ ಶಿರಾನುಯಿ. 97ರ ಮಷಿನ್‌ನಲ್ಲಿದ್ದಳು. 2025ರ ಫೆಬ್ರುವರಿಯಲ್ಲಿ ಅವಳೂ 'ಸ್ಟ್ರೀಟ್ ಫೈಟರ್ 6'ಕ್ಕೆ ಅತಿಥಿಯಾಗಿ ಬಂದಿದ್ದಾಳೆ. ನಾನು ಸಂಜೆ ಪಾರ್ಲರ್‌ನಿಂದ ಬರದಿದ್ದರೆ ಅಪ್ಪ ಅಕ್ಕನನ್ನು ಕಳಿಸ್ತಿದ್ದರು. ಅವಳು ಬಾಗಿಲಲ್ಲೇ ನಿಂತು ಕರೀತಿದ್ದಳು, ಹುಡುಗಿಯರು ಒಳಗೆ ಬರ್ತಿರಲಿಲ್ಲ. ಒಂದು ಕಾಯಿನ್ ಅವಳ ಕೈಗೆ ಕೊಡಬೇಕು ಅಂತ ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಬಾಗಿಲಲ್ಲಿ ನಿಂತ ಆ ಎರಡು ನಿಮಿಷದಲ್ಲೇ ಅವಳು ತನ್ನ ಪಾತ್ರ ಆರಿಸಿಕೊಂಡಿದ್ದಳು.

ಆಮೇಲೆ ನಾನು ಪೈಲ್ವಾನನ ಪರ ವಾದ ಮಾಡಲಿಲ್ಲ. ಅವನಿಗೆ ಪ್ರತಿ ವರ್ಷ ಒಂದು ಕಣ ಇದ್ದೇ ಇದೆ. ನಮ್ಮ ಮನೆಯ ಪಟ್ಟಿಯಲ್ಲಿ ಮೊದಲ ಹೆಸರು ಓಬವ್ವ.

ನಿಮ್ಮ ಪಟ್ಟಿಯಲ್ಲಿ ಯಾರಿದ್ದಾರೆ? ಪಟ್ಟು, ಜೋಡಿ, ಸೋಲು, ಮೂರೂ ಲೆಕ್ಕ ಹಾಕಿ ನೋಡಿ. ಮನೆಯಲ್ಲಿ ಬಾಗಿಲ ಹತ್ತಿರ ನಿಂತವರನ್ನೂ ಒಮ್ಮೆ ಕೇಳಿ.