ನೀರು ಏರುವ ಸಿನಿಮಾ

ಆಷಾಢದ ಮಳೆ ಹಿಡಿಯಿತೆಂದರೆ ಶೃಂಗೇರಿಯಲ್ಲಿ ಜನ ಕೊಡೆ ಬಿಚ್ಚಿಕೊಂಡು ಹೊಳೆ ನೋಡಲು ಹೋಗುತ್ತಾರೆ. ತುಂಗೆ ಎಷ್ಟು ಏರಿದ್ದಾಳೆಂದು ತಿಳಿಯಲು ಅಲ್ಲಿ ಅಳತೆಗೋಲು ಬೇಕಿಲ್ಲ. ಸ್ನಾನಘಟ್ಟದ ಮೆಟ್ಟಿಲುಗಳಿವೆ, ಅದರಾಚೆ ಕಪ್ಪೆ ಶಂಕರವಿದೆ. ಬಿಸಿಲಿನಲ್ಲಿ ನೋಯುತ್ತಿದ್ದ ಕಪ್ಪೆಗೆ ಹಾವು ತನ್ನ ಹೆಡೆಯ ನೆರಳು ಕೊಟ್ಟಿತೆಂಬ ಕಥೆಯ ಶಿಲ್ಪ ಅದು. “ಕಪ್ಪೆ ಶಂಕರ ಮುಳುಗಿತಂತೆ” ಎಂಬ ಮಾತು ಪೇಟೆಗೆ ಬಂದರೆ ಕಾಫಿ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ಎದ್ದರೆಂದೇ ತಿಳಿಯಿರಿ. ಹೊಳೆಯ ದಂಡೆಯಲ್ಲಿ ನಿಂತವರ ಮುಖದಲ್ಲಿ ಭಯವಿರುತ್ತದೆ. ಆದರೆ ಭಯ ಮಾತ್ರವೇ ಇರುತ್ತದೆಂದರೆ ಸುಳ್ಳಾದೀತು. ಒಂದಿಷ್ಟು ಸಂತೋಷವೂ ಇರುತ್ತದೆ.

ಈ ಸಂತೋಷವನ್ನೇ ಟಿಕೇಟು ಕೊಟ್ಟು ಮಾರುವುದು ವಿಪತ್ತಿನ ಸಿನಿಮಾ. ಪ್ರವಾಹ, ಭೂಕಂಪ, ಬೆಂಕಿ, ಮುಳುಗುವ ಹಡಗು ಇವೆಲ್ಲ ಅದರ ಸರಕು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲವೆಂದು ತೋರುತ್ತದೆ. ಭಯಾನಕವನ್ನು ಭರತಮುನಿ ರಸಗಳ ಪಂಕ್ತಿಯಲ್ಲೇ ಕೂರಿಸಿದ್ದಾನೆ. ಹಾಗಿದ್ದರೂ ಕೆಲವು ಚಿತ್ರಗಳು ನಮ್ಮನ್ನು ಕುರ್ಚಿಯ ತುದಿಗೆ ತಂದು ಕೂರಿಸುತ್ತವೆ, ಕೆಲವು ಆಕಳಿಕೆ ತರಿಸುತ್ತವೆ. ಅದೇಕೆ?

ಖರ್ಚು ಕಡಿಮೆಯಾದದ್ದರಿಂದ ಎಂದು ಹೇಳುವಂತಿಲ್ಲ. 2009ರಲ್ಲಿ ತೆರೆಕಂಡ ‘2012’ ಎಂಬ ಅಮೆರಿಕದ ಚಿತ್ರದಲ್ಲಿ ಪ್ರಪಂಚವೇ ಮುಳುಗುತ್ತದೆ. ಲಾಸ್ ಏಂಜಲೀಸ್ ನಗರ ಬಿರಿದು ಸಮುದ್ರಕ್ಕೆ ಜಾರುತ್ತಿರುವಾಗ ನಾಯಕನ ಕುಟುಂಬ ಮೊದಲು ಕಾರಿನಲ್ಲಿ, ಅನಂತರ ವಿಮಾನದಲ್ಲಿ ಪಾರಾಗುತ್ತದೆ. ಅತ್ತಿತ್ತ ಉರುಳುವ ಕಟ್ಟಡಗಳಲ್ಲಿ ಎಷ್ಟು ಲಕ್ಷ ಜನರಿದ್ದರೋ ಲೆಕ್ಕವಿಲ್ಲ. ಪ್ರೇಕ್ಷಕನಾದ ನಾನು ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಎಲ್ಲವೂ ಮುಳುಗುವ ಕಡೆ ಕಪ್ಪೆ ಶಂಕರವಿಲ್ಲ. ಏರುವ ನೀರಿಗೆ ಪಕ್ಕದಲ್ಲಿ ನಮಗೆ ಪರಿಚಯವಿರುವ ಒಂದು ಮೆಟ್ಟಿಲು ಇರಬೇಕು. ಇಲ್ಲವಾದರೆ ಅದು ಬರಿಯ ನೀರು.

ಇದಕ್ಕೆ ಎದುರಾಗಿ 1972ರ ‘ಪೊಸೈಡನ್ ಅಡ್ವೆಂಚರ್’ ಚಿತ್ರವನ್ನು ಇಡಬಹುದು. ಹೊಸವರ್ಷದ ರಾತ್ರಿ ಒಂದು ಹಡಗು ಬೋರಲಾಗುತ್ತದೆ. ಛಾವಣಿ ನೆಲವಾಗಿ, ನೆಲ ಛಾವಣಿಯಾಗಿ, ಬದುಕಬೇಕೆನ್ನುವವರು ಹಡಗಿನ ತಳದ ಕಡೆಗೆ ಮೇಲೇರಬೇಕು! ಆ ಗುಂಪಿನಲ್ಲಿ ಸ್ಥೂಲಕಾಯದ ಒಬ್ಬ ಮುದುಕಿ. ಏಣಿ ಹತ್ತಲಾರಳು, ಏದುಸಿರು ಬಿಡುತ್ತಾಳೆ, ಎಲ್ಲರಿಗೂ ಭಾರವಾದೆನೆಂದು ಕುಗ್ಗುತ್ತಾಳೆ. ಕೊನೆಗೆ ನೀರು ತುಂಬಿದ ದಾರಿಯೊಂದರಲ್ಲಿ ಮುಂದಾಳು ಸಿಕ್ಕಿಬಿದ್ದಾಗ, ಎಳೆಯ ವಯಸ್ಸಿನಲ್ಲಿ ಈಜಿನಲ್ಲಿ ಬಹುಮಾನ ಪಡೆದಿದ್ದ ಅದೇ ಮುದುಕಿ ನೀರಿಗಿಳಿದು ಅವನನ್ನು ಬಿಡಿಸುತ್ತಾಳೆ; ಆ ಶ್ರಮಕ್ಕೆ ಎದೆ ನಿಂತು ಸಾಯುತ್ತಾಳೆ. ‘2012’ರ ಲಕ್ಷಾಂತರ ಸಾವುಗಳು ಮಾಡದ ಕೆಲಸವನ್ನು ಆ ಒಂದು ಸಾವು ಮಾಡುತ್ತದೆ. ಅವಳ ಏದುಸಿರನ್ನು ನಾವು ಗಂಟೆಗಟ್ಟಲೆ ಕೇಳಿದ್ದೇವಲ್ಲ!

ಈ ವಿಷಯದಲ್ಲಿ ನನಗೆ ಪಾಠ ಹೇಳಿದವರು ನಮ್ಮ ದೊಡ್ಡಮ್ಮ. ಅವರ ಮನೆ ಇದ್ದದ್ದು ನರಸಿಂಹರಾಜಪುರ ಸೀಮೆಯಲ್ಲಿ, ಭದ್ರೆಯ ದಂಡೆಯ ಒಂದು ಹಳ್ಳಿಯಲ್ಲಿ. ಲಕ್ಕವಳ್ಳಿಯಲ್ಲಿ ಅಣೆಕಟ್ಟು ಎದ್ದು ನೀರು ಹಿಂದೊತ್ತಿದಾಗ ಗದ್ದೆ, ತೋಟ, ಮನೆ ಎಲ್ಲವೂ ಮುಳುಗಡೆಯಾದವು. ಭದ್ರಾ ಜಲಾಶಯದ ತುಂಬು ಮಟ್ಟ 186 ಅಡಿ. ಪತ್ರಿಕೆಯಲ್ಲಿ ದಿನವೂ ನೀರಿನ ಮಟ್ಟ ಅಚ್ಚಾಗುತ್ತಿತ್ತು. ಬಯಲುಸೀಮೆಯ ರೈತ ಅದನ್ನು ಓದಿ ಹಿಗ್ಗುತ್ತಿದ್ದ. ಅವನ ಹಿಗ್ಗು ನ್ಯಾಯವಾದದ್ದೇ. ಕೊಪ್ಪಕ್ಕೆ ಬಂದು ನಮ್ಮ ಜೊತೆಯಲ್ಲಿದ್ದ ದೊಡ್ಡಮ್ಮನೂ ಅದನ್ನು ನನ್ನಿಂದ ಓದಿಸಿ ಕೇಳುತ್ತಿದ್ದರು. ಕೇಳಿ ಏನನ್ನೂ ಹೇಳುತ್ತಿರಲಿಲ್ಲ.

ಒಂದು ಬೇಸಗೆಯಲ್ಲಿ ಅವರನ್ನು ಟೆಂಟು ಸಿನಿಮಾಕ್ಕೆ ಕರೆದುಕೊಂಡು ಹೋದೆವು. (ಮಳೆಗಾಲದಲ್ಲಿ ನಮ್ಮ ಕಡೆ ಟೆಂಟು ನಿಲ್ಲುವುದುಂಟೆ? ಹಾಗಾಗಿ ನಾವು ಪ್ರವಾಹ ನೋಡಿದ್ದೆಲ್ಲ ಏಪ್ರಿಲ್ ತಿಂಗಳ ಸೆಕೆಯಲ್ಲಿ.) ಚಿತ್ರದ ಹೆಸರು ಬೇಡ. ಪ್ರವಾಹ ಬಂತು, ಮನೆ ಕೊಚ್ಚಿಹೋಯಿತು, ನಾಯಕ ನಾಯಿಕೆಯನ್ನು ಹೆಗಲ ಮೇಲೆ ಹೊತ್ತು ದಡ ಸೇರಿಸಿದ. ಟೆಂಟಿನ ತುಂಬ ಶಿಳ್ಳೆ. ದೊಡ್ಡಮ್ಮ ನನ್ನ ಕಿವಿಯ ಹತ್ತಿರ ಬಗ್ಗಿ, “ಅಲ್ಲ ಮಾಣಿ, ಆ ಮನೆ ಕೊಟ್ಟಿಗೆಯಲ್ಲಿ ಎರಡು ದನ ಕಟ್ಟಿದ್ದರಲ್ಲ, ಕಣ್ಣಿ ಬಿಚ್ಚಿದವರು ಯಾರು?” ಎಂದು ಕೇಳಿದರು. ನಾನು ಉತ್ತರ ಕೊಡಲಿಲ್ಲ. ಚಿತ್ರ ತೆಗೆದವರಿಗೂ ದನಗಳು ಮರೆತೇ ಹೋಗಿದ್ದವು. ಉಳಿದ ಚಿತ್ರವನ್ನು ದೊಡ್ಡಮ್ಮ ನೋಡಲಿಲ್ಲ. ನನಗೂ ಆಮೇಲೆ ಅದು ರುಚಿಸಲಿಲ್ಲ. ಅಂದಿನಿಂದ ಯಾವ ವಿಪತ್ತಿನ ಚಿತ್ರಕ್ಕೆ ಹೋದರೂ ಕಣ್ಣಿ ಬಿಚ್ಚಿದರೋ ಇಲ್ಲವೋ ಎಂದು ನೋಡುವ ಚಟ ಹತ್ತಿಕೊಂಡಿದೆ.

2023ರಲ್ಲಿ ಬಂದ ಮಲಯಾಳದ ‘2018’ ಎಂಬ ಚಿತ್ರ ಈ ಪರೀಕ್ಷೆಯಲ್ಲಿ ಬಹುಮಟ್ಟಿಗೆ ಗೆಲ್ಲುತ್ತದೆ. ಅದರ ವಸ್ತು ಆ ವರ್ಷದ ಆಗಸ್ಟಿನಲ್ಲಿ ಕೇರಳವನ್ನು ಮುಳುಗಿಸಿದ ಪ್ರವಾಹ. ಸಾವಿಗೆ ಹೆದರಿ ಸೈನ್ಯ ಬಿಟ್ಟು ಬಂದ ತರುಣನನ್ನೂ ಮೀನುಗಾರರನ್ನೂ ಅವರ ದೋಣಿಗಳನ್ನೂ ಮೊದಲೇ ಪರಿಚಯಿಸಿ, ನೀರನ್ನು ಆಮೇಲೆ ತರುತ್ತಾರೆ. ಅಳಬೇಕಾದ ಕಡೆಯಲ್ಲೆಲ್ಲ ವಾದ್ಯಗಳು ಮುಂಚಿತವಾಗಿ ಅತ್ತುಬಿಡುತ್ತವೆ, ಅದೊಂದು ತೊಡಕು. ಅದೇ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದವು, ಮರುವರ್ಷದ ಆಗಸ್ಟಿನಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೂ. ಮನೆ ಕಳೆದುಕೊಂಡವನು ಇಂಥ ಚಿತ್ರ ನೋಡಿಯಾನೆ? ನೋಡುತ್ತಾನೆ; ಆದರೆ ನಮಗಿಂತ ಕಟುವಾಗಿ ನೋಡುತ್ತಾನೆ.

ಗಿರೀಶ ಕಾಸರವಳ್ಳಿಯವರ ‘ದ್ವೀಪ’ದ ಮಾತು ಬೇರೆ. ಕೊಪ್ಪದ ನೆರೆಯ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು ಅವರು, ಕಥೆ ನಾ. ಡಿಸೋಜರ ಅದೇ ಹೆಸರಿನ ಕಾದಂಬರಿಯದು. 2001ನೆಯ ವರ್ಷದ ಅತ್ಯುತ್ತಮ ಚಿತ್ರವೆಂದು ಅದಕ್ಕೆ ಸ್ವರ್ಣಕಮಲ ಬಂತು. ಅದರಲ್ಲಿ ಯಾವ ಕಟ್ಟಡವೂ ಸ್ಫೋಟಿಸುವುದಿಲ್ಲ. ಅಣೆಕಟ್ಟಿನ ಹಿನ್ನೀರು ಮಳೆಯೊಡನೆ ಸದ್ದಿಲ್ಲದೆ ಏರುತ್ತದೆ, ಊರು ಖಾಲಿಯಾಗುತ್ತದೆ, ಗುಡ್ಡದ ಮೇಲೆ ದೇವರ ಪೂಜೆ ಬಿಟ್ಟು ಹೋಗಲಾರದ ಒಂದು ಸಂಸಾರ ಉಳಿಯುತ್ತದೆ. ಮುದುಕ ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ. ನಾಗಿಯಾಗಿ ಸೌಂದರ್ಯ ನಟಿಸಿದ್ದಾರೆ, ಚಿತ್ರದ ನಿರ್ಮಾಪಕಿಯೂ ಅವರೇ. ಇದನ್ನು ಮನರಂಜನೆ ಎನ್ನಬಹುದೇ ಎಂದು ಕೇಳುವವರುಂಟು. ಒಂದು ಗಳಿಗೆ ಕಣ್ಣು ಕೀಳಲಾಗದಂತೆ ಕೂರಿಸಿದ್ದಕ್ಕೆ ಬೇರೆ ಯಾವ ಹೆಸರಿದೆಯೋ ಅವರೇ ಹೇಳಲಿ. ಕೊನೆಯ ಭಾಗದಲ್ಲಿ ಮಳೆ, ಹೊಸ್ತಿಲಿಗೆ ಬಂದ ನೀರು, ಹುಲಿಯ ಭಯ. ಇವೆಲ್ಲವುಗಳ ನಡುವೆ ಮನೆಯನ್ನು ಉಳಿಸಿಕೊಳ್ಳುವವಳು ನಾಗಿ. ಗಂಡನಾದರೋ ಎಲ್ಲವೂ ದೇವರ ದಯೆ ಎನ್ನುತ್ತಾನೆ.

ಈ ಚಿತ್ರವನ್ನು ದೊಡ್ಡಮ್ಮ ಟೆಲಿವಿಷನ್ನಿನಲ್ಲಿ ನೋಡಿದರು. ಆಗ ಅವರಿಗೆ ಎಂಬತ್ತು ದಾಟಿತ್ತು, ಕಣ್ಣು ಮಂಜು. ಮಧ್ಯೆ ಒಂದು ಸಲವೂ ನನ್ನನ್ನು ಏನೂ ಕೇಳಲಿಲ್ಲ. ಮುಗಿದ ಮೇಲೆ ಬಹಳ ಹೊತ್ತು ಕೂತಿದ್ದು, “ರಾತ್ರಿಯಿಡೀ ದುಡಿದ ಆ ಹುಡುಗಿ ಬೆಳಿಗ್ಗೆ ಏನಾದರೂ ತಿಂದಳೇನೋ?” ಎಂದರು. ಆಮೇಲೆ ಕೋಲು ಹುಡುಕಿಕೊಂಡು ಒಳಗೆ ಹೋದರು.