ಜೀಪು ಯಾಕೆ ನಡುಗುತ್ತೆ?



ನಮ್ಮ ಅಣ್ಣನಿಗೆ ಜೀಪಿನ ಬಾಡಿಗೆಯೇ ಜೀವನ. ಪೆಟ್ರೋಲ್ ಇಂಜಿನ್ ತೆಗೆಸಿದ. ಆರ್.ಟಿ.ಓ. ಅನುಮತಿ ಪಡೆದು ಡೀಸೆಲ್ ಇಂಜಿನ್ ಕೂರಿಸಿದ. ಅಂದಿನಿಂದ ಜೀಪು ಗಡಗಡ ನಡುಗುತ್ತಿತ್ತು. "ಇಂಜಿನ್ ಬಿಚ್ಚಬೇಕು" ಅಂದರು ಮೆಕ್ಯಾನಿಕ್. ಅಷ್ಟು ದುಡ್ಡು ಎಲ್ಲಿಂದ ತರೋದು?

ಮೊದಲು ಹೀಗೆ ನೋಡಿ. ಗಾಡಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಹಾಕಿ. ನ್ಯೂಟ್ರಲ್‌ನಲ್ಲಿ ಇಂಜಿನ್ ಚಾಲೂ ಇಡಿ. ನಿಂತಾಗಲೂ ನಡುಗಿದರೆ ದೋಷ ಇಂಜಿನ್ ಕಡೆ ಇರುತ್ತೆ. ಓಡುವಾಗ ಮಾತ್ರ ನಡುಗಿದರೆ ಚಕ್ರ, ಪ್ರೊಪೆಲ್ಲರ್ ಶಾಫ್ಟ್ ತೋರಿಸಿ.

ಅಣ್ಣನ ಜೀಪು ನಿಂತಾಗಲೂ ನಡುಗುತ್ತಿತ್ತು. ಇಂಜಿನ್ ಕೆಳಗಿನ ಮೌಂಟಿಂಗ್ ರಬ್ಬರ್ ನೋಡಿಸಿದೆವು. ಡೀಸೆಲ್ ಇಂಜಿನ್ ಭಾರಕ್ಕೆ ಹಳೇ ರಬ್ಬರ್ ಜಜ್ಜಿಹೋಗಿತ್ತು. ಹೊಸ ರಬ್ಬರ್ ಹಾಕಿಸಿದೆವು. ನಡುಕ ಬಹಳ ಕಡಿಮೆ ಆಯಿತು. ಇಂಜಿನ್ ಬಿಚ್ಚೋದು ತಪ್ಪಿತು.

ನೀವು ಈಗ ಬರೆಯೋಕೆ ಕಲಿತಿದ್ದೀರಿ. ಗಾಡಿ ಯಾವಾಗ ನಡುಗುತ್ತೆ ಅಂತ ಚೀಟಿಯಲ್ಲಿ ಬರೆದಿಡಿ. ಮೆಕ್ಯಾನಿಕ್‌ಗೆ ಓದಿ ಹೇಳಿ. ನಿಮ್ಮ ದುಡ್ಡು ಉಳಿಯುತ್ತೆ.