ಎಂಜಿನು ನಿಂತಾಗ

ಇಂಗ್ಲಿಷಿನಲ್ಲಿ ‘ಸ್ಟಾಲ್’ ಎಂಬುದೊಂದು ಶಬ್ದವುಂಟು. ಮೋಟಾರು ಓಡಿಸುವವರೂ ವಿಮಾನ ನಡೆಸುವವರೂ ಅದನ್ನು ಬಳಸುತ್ತಾರೆ. ಆದರೆ ಇಬ್ಬರ ಅರ್ಥವೂ ಒಂದೇ ಅಲ್ಲ. ಮೋಟಾರಿನವರು ಹಾಗೆಂದರೆ ಎಂಜಿನು ನಿಂತಿತೆಂದು ತಿಳಿಯಬೇಕು. ವಿಮಾನದವರು ಹಾಗೆಂದರೆ ಸಾಮಾನ್ಯವಾಗಿ ರೆಕ್ಕೆ ತನ್ನ ಕೆಲಸ ಬಿಟ್ಟಿತೆಂದು ತಿಳಿಯಬೇಕು. ನಾನಾರ್ಥ ಪದಗಳಿಗೆ ಪ್ರಸಂಗ ನೋಡಿ ಅರ್ಥ ಹೇಳಬೇಕೆಂದು ತರಗತಿಯಲ್ಲಿ ಕಲಿಸುತ್ತೇವೆ. ಇಲ್ಲಿ ಅರ್ಥ ತಪ್ಪಿದರೆ ಹೋಗುವುದು ಅಂಕವಲ್ಲ, ಪ್ರಾಣ.

ಮೊದಲು ನೆಲದ ಮಾತು. ಪೆಟ್ರೋಲ್ ಎಂಜಿನಿಗೆ ಬೇಕಾದುವು ಮೂರು: ಹದವರಿತ ಪೆಟ್ರೋಲು, ಗಾಳಿ, ಸಕಾಲಕ್ಕೊಂದು ಕಿಡಿ. ಒಂದು ತಪ್ಪಿದರೂ ಎಂಜಿನು ನಿಲ್ಲುತ್ತದೆ. ಮೂರೂ ಸರಿಯಿದ್ದು ನಿಲ್ಲುವುದೂ ಉಂಟು. ಗಾಡಿ ನಿಂತಿದ್ದು ಎಂಜಿನು ಮೆಲ್ಲಗೆ ತಿರುಗುತ್ತಿರುವಾಗ ಅದರ ಬಲ ಅತ್ಯಲ್ಪ. ಆಗ ಕ್ಲಚ್ಚಿನಿಂದ ಕಾಲನ್ನು ಥಟ್ಟನೆ ತೆಗೆದರೆ ಇಡೀ ಗಾಡಿಯ ಭಾರ ಅದರ ಮೇಲೆ ಬೀಳುತ್ತದೆ. ಬಡಪಾಯಿ ಎಂಜಿನು ಕುಸಿಯುತ್ತದೆ. ಬ್ರೇಕನ್ನೊತ್ತಿ, ಗೇರನ್ನು ನ್ಯೂಟ್ರಲಿಗೆ ತಂದು ಮತ್ತೆ ಚಾಲೂ ಮಾಡಿ. ಹಿಂದಿನವರು ಹಾರನ್ ಹೊಡೆದರೆಂದು ಗಾಬರಿಪಡಬೇಡಿ.

ಓಡುತ್ತಿರುವಾಗಲೇ ಎಂಜಿನು ನಿಂತರೆ? ಚಾವಿಯನ್ನು ಮಾತ್ರ ಹೊರಕ್ಕೆಳೆಯಬೇಡಿ, ಸ್ಟಿಯರಿಂಗ್ ಬಿಗಿದುಕೊಂಡೀತು. ಈಗಿನ ಕಾರುಗಳಲ್ಲಿ ಎಂಜಿನು ನಿಂತೊಡನೆ ಸ್ಟಿಯರಿಂಗ್ ಭಾರವಾಗಬಹುದು, ಆದರೂ ತಿರುಗುತ್ತದೆ. ಬ್ರೇಕಿಗೆ ಒದಗುವ ನೆರವು ಒಂದೆರಡು ಸಲ ಒತ್ತುವಷ್ಟು ಮಾತ್ರ ಉಳಿದಿರುತ್ತದೆ. ಆದ್ದರಿಂದ ಬ್ರೇಕನ್ನು ಮತ್ತೆ ಮತ್ತೆ ತುಳಿಯದೆ, ಒಂದೇ ಸಮನೆ ಬಲವಾಗಿ ಒತ್ತಿ ರಸ್ತೆಯ ಪಕ್ಕಕ್ಕೆ ಬನ್ನಿ. ರೈಲು ಹಳಿಯ ಮೇಲೆ ಗಾಡಿ ನಿಂತರೆ ಮೊದಲು ಜನ ಇಳಿಯಲಿ. ಗಾಡಿಯ ಚಿಂತೆ ಆಮೇಲೆ.

ಇನ್ನು ಆಕಾಶದ ಮಾತು. ಎಂಜಿನು ನಿಂತರೆ ವಿಮಾನ ಕಲ್ಲಿನಂತೆ ಬೀಳುವುದೆಂದು ಹಲವರು ಭಾವಿಸಿದ್ದಾರೆ. ಹಾಗಲ್ಲ. ಒಂದು ಕಿಲೋಮೀಟರ್ ಎತ್ತರದಲ್ಲಿರುವ ಚಿಕ್ಕ ವಿಮಾನ ಎಂಜಿನಿಲ್ಲದೆಯೂ ಸುಮಾರು 8-9 ಕಿಲೋಮೀಟರ್ ತೇಲಿಕೊಂಡು ಹೋಗಬಲ್ಲದು. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನವೊಂದರಲ್ಲಿ ಆಕಾಶದಲ್ಲೇ ಇಂಧನ ಮುಗಿಯಿತು. ಕಿಲೋಗ್ರಾಮಿನ ಲೆಕ್ಕವನ್ನು ಪೌಂಡಿನಲ್ಲಿ ಹಾಕಿದ್ದರ ಫಲ ಅದು. ಎರಡು ಎಂಜಿನುಗಳೂ ನಿಂತುವು. ಚಾಲಕರು ಅದನ್ನು ಗಿಮ್ಲಿ ಎಂಬಲ್ಲಿನ ಹಳೆಯ ವಿಮಾನದಾಣದವರೆಗೆ ತೇಲಿಸಿ ಇಳಿಸಿದರು. ಒಳಗಿದ್ದ 69 ಮಂದಿಯೂ ಬದುಕಿದರು.

ರೆಕ್ಕೆ ಕೈಬಿಟ್ಟರೆ ಕಥೆ ಬೇರೆ. ಎದುರುಗಾಳಿಗೆ ರೆಕ್ಕೆ ಸ್ವಲ್ಪ ಓರೆಯಾಗಿರುವುದರಿಂದ ವಿಮಾನ ಮೇಲೇಳುತ್ತದೆ. ಓರೆ ಹೆಚ್ಚಿದಷ್ಟೂ ಎತ್ತುವ ಬಲ ಹೆಚ್ಚುತ್ತದೆ, ಆದರೆ ಒಂದು ಮಿತಿಯವರೆಗೆ. ಅನೇಕ ರೆಕ್ಕೆಗಳಿಗೆ ಸುಮಾರು 15 ಡಿಗ್ರಿ ದಾಟಿದರೆ, ಮೇಲ್ಮೈಯನ್ನು ಅಪ್ಪಿ ಹರಿಯುತ್ತಿದ್ದ ಗಾಳಿ ಕಿತ್ತುಕೊಂಡು ಸುಳಿಯಾಗುತ್ತದೆ. ಬಲ ಕುಗ್ಗಿ ವಿಮಾನ ಇಳಿಯತೊಡಗುತ್ತದೆ. ಪರಿಹಾರ ಸುಲಭ, ಮನಸ್ಸಿಗೆ ಮಾತ್ರ ಕಠಿಣ: ಬೀಳುತ್ತಿರುವಾಗಲೇ ಮೂತಿಯನ್ನು ಕೆಳಕ್ಕೆ ಬಾಗಿಸಬೇಕು. ಓರೆ ತಗ್ಗಿದೊಡನೆ ಗಾಳಿ ಮತ್ತೆ ರೆಕ್ಕೆಯನ್ನು ಹಿಡಿಯುತ್ತದೆ. ಬಳಿಕ ರೆಕ್ಕೆಗಳನ್ನು ಸಮಮಾಡಿ, ಬೇಕಾದಷ್ಟು ಶಕ್ತಿ ಕೊಟ್ಟು ಮೇಲೇರಬೇಕು.

2009ರ ಜೂನ್ 1ರಂದು ರಿಯೋ ನಗರದಿಂದ ಪ್ಯಾರಿಸಿಗೆ ಹೊರಟಿದ್ದ ಏರ್ ಫ್ರಾನ್ಸ್ 447ರಲ್ಲಿ ವೇಗ ಅಳೆಯುವ ಕೊಳವೆಗಳಿಗೆ ಹಿಮ ಕಟ್ಟಿಕೊಂಡಿತು. ಗೊಂದಲಗೊಂಡ ಚಾಲಕ ಮೂತಿಯನ್ನು ಮೇಲಕ್ಕೆತ್ತಿದ. ಎಚ್ಚರಿಕೆಯ ಧ್ವನಿ ಪದೇ ಪದೇ ಕೂಗಿದರೂ ಮೂತಿ ಬೇಕಾದಷ್ಟು ಕೆಳಗಿಳಿಯಲಿಲ್ಲ. ಸುಮಾರು ಮೂರೂವರೆ ನಿಮಿಷಗಳಲ್ಲಿ ವಿಮಾನ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದಿತು. 228 ಮಂದಿ ಸತ್ತರು. ಎಂಜಿನುಗಳು ಕೊನೆಯವರೆಗೂ ನಡೆಯುತ್ತಲೇ ಇದ್ದುವು.

ಎರಡು ಘಟನೆಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ. ಎಂಜಿನು ನಿಂತ ವಿಮಾನ ಉಳಿಯಿತು. ಎಂಜಿನು ನಡೆಯುತ್ತಿದ್ದ ವಿಮಾನ ಮುಳುಗಿತು. ಆತುರಗಾರನಿಗೆ ಬುದ್ಧಿ ಮಟ್ಟವೆನ್ನುತ್ತಾರೆ. ಆತುರದ ಗಳಿಗೆಯಲ್ಲಿ ಕೈ ತಾನಾಗಿ ಏನನ್ನು ಎಳೆಯಬಯಸುವುದೋ ಅದೇ ಸರಿಯೆಂಬ ಭರವಸೆಯಿಲ್ಲ. ಅದಕ್ಕೇ ವಿಮಾನಚಾಲಕರಿಗೆ ಸಾಕಷ್ಟು ಎತ್ತರದಲ್ಲಿ ಬೇಕೆಂದೇ ಸ್ಟಾಲ್ ಮಾಡಿಸಿ ಅಭ್ಯಾಸ ಕೊಡುತ್ತಾರೆ. ನಿಮ್ಮ ಮನೆಯ ಮಕ್ಕಳು ಕಾರು ಕಲಿಯುವಾಗಲೂ ಬಯಲಿನಲ್ಲಿ ನಾಲ್ಕು ಸಲ ಎಂಜಿನು ನಿಲ್ಲಿಸಿಕೊಳ್ಳಲಿ, ಗದರಿಸಬೇಡಿ.